ಕಿರುಬೆರಳಿನ ವಿಷಯ

ನಮ್ಮ ಕೂಟದ ಪತ್ರಿಕೆಗೆ ವರ್ಷಕ್ಕೊಂದು ಆರೋಗ್ಯದ ಲೇಖನವನ್ನು ನಮ್ಮಿಂದ ವಸೂಲು ಮಾಡುವುದು ಸಂಪಾದಕರ ವಾಡಿಕೆ. ಕೊಲೆಸ್ಟರಾಲ್ ಬಗ್ಗೆ ಬರೆದ ವರ್ಷ, ಯುಗಾದಿ ಊಟದಲ್ಲಿ ನಾವು ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡದ್ದನ್ನು ನೋಡಿ ಇಡೀ ಪಂಕ್ತಿ ನಕ್ಕಿತ್ತು. ಮಂಡಿನೋವಿನ ಬಗ್ಗೆ ಬರೆದ ವರ್ಷ, ಪಾಟ್‌ಲಕ್ಕಿನ ಸಾಲಿನಲ್ಲೇ ನಾಲ್ಕು ಜನ ಪ್ಯಾಂಟು ಮಡಿಸಿ ಮಂಡಿ ತೋರಿಸಿದರು. ಈ ವರ್ಷದ ಲೇಖನ ಓದಿ ದಯವಿಟ್ಟು ಯಾರೂ ಸಾಲಿನಲ್ಲಿ ಏನನ್ನೂ ತೋರಿಸಬಾರದೆಂದು ಮೊದಲೇ ಪ್ರಾರ್ಥನೆ.

ವಿಷಯ ಇಷ್ಟೆ. ಚಿಕ್ಕಂದಿನಲ್ಲಿ ಕಿರುಬೆರಳೆತ್ತಿ "ಸಾರ್, ಒಂದಕ್ಕೆ" ಎಂದು ಮೇಷ್ಟರ ಅಪ್ಪಣೆ ಕೇಳುತ್ತಿದ್ದೆವಲ್ಲ, ಆ ವಿಷಯ. ಐವತ್ತೇಳನೆಯ ವಯಸ್ಸಿನಲ್ಲಿ ನಾವು ಅದನ್ನು ಮೊದಲಿನಿಂದ ಕಲಿಯಬೇಕಾಯಿತು.

ಬರೆಯಲು ಕೂತು "ನಾನು" ಎಂದು ಶುರುಮಾಡಿ ನಾಲ್ಕು ಹಾಳೆ ಹರಿದದ್ದಾಯಿತು. ನಾಚಿಕೆ. "ನಾವು ಅಂತ ಬರೀರಿ, ಸ್ವಲ್ಪ ಮರೆ ಇರುತ್ತೆ" ಎಂದು ನಮ್ಮಾಕೆಯೇ ಉಪಾಯ ಹೇಳಿದಳು. ಬರೆಯುತ್ತಾ ಹೋದಂತೆ ಅದು ಬರೀ ಮರೆಯಲ್ಲ, ನಿಜವೂ ಹೌದು ಎಂದು ತಿಳಿಯಿತು. ಅದು ಹೇಗೆಂಬುದು ಮುಂದೆ ಬರುತ್ತದೆ. (ಆಕೆ ಓದಿ ಒಪ್ಪಿದ ಮೇಲೆಯೇ ಇದು ಸಂಪಾದಕರ ಕೈಗೆ ಹೋಗಿದೆ.)

ರೋಗದ ಕಥೆಯನ್ನು ಬೇಗ ಮುಗಿಸುತ್ತೇವೆ. 2024ರ ಬೇಸಿಗೆಯಲ್ಲಿ ನಮ್ಮ ಪಿಎಸ್‌ಎ 6.8 ಬಂತು, ಎರಡು ವರ್ಷದ ಹಿಂದೆ 3.1 ಇತ್ತು. ಈ ರಕ್ತಪರೀಕ್ಷೆ ಎಲ್ಲರಿಗೂ ಬೇಡವೆಂದು ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ಹೇಳಿತ್ತು. 2018ರಲ್ಲಿ, 55ರಿಂದ 69 ವಯಸ್ಸಿನ ಗಂಡಸರು ಡಾಕ್ಟರೊಡನೆ ಮಾತಾಡಿ ತೀರ್ಮಾನಿಸಲಿ ಎಂದು ಸ್ವಲ್ಪ ಮೆತ್ತಗಾಯಿತು. ನಾವು ನಮ್ಮೊಡನೆಯೇ ಮಾತಾಡಿಕೊಂಡು ಮಾಡಿಸಿದ್ದೆವು. ಆಮೇಲೆ ಎಂಆರ್‌ಐ, ಬಯಾಪ್ಸಿ, ಗ್ಲೀಸನ್ ಅಂಕ 3+4, ಒಟ್ಟು 7. ವಿಕಿರಣವೋ ಶಸ್ತ್ರಚಿಕಿತ್ಸೆಯೋ ಎಂದು ಮೂರು ವಾರ ಅಳೆದು ತೂಗಿ, ಸೆಪ್ಟೆಂಬರಿನಲ್ಲಿ ರೋಬಾಟ್ ಮೂಲಕ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಸಿಕೊಂಡೆವು. ರೋಬಾಟ್ ಎಂದರೆ ತಾನೇ ಕೊಯ್ಯುವ ಯಂತ್ರವೆಂದು ನಮ್ಮೂರಿನ ನೆಂಟರು ಗಾಬರಿಯಾಗಿದ್ದರು. ಹಾಗಲ್ಲ, ಸರ್ಜನ್ ಕೆಲವು ಅಡಿ ದೂರದಲ್ಲಿ ಕೂತು ಅದರ ಕೈಗಳನ್ನು ಆಡಿಸುತ್ತಾರೆ. ಈ ವಿದ್ಯೆಯನ್ನು ಪ್ರಾಸ್ಟೇಟಿಗೆ ಒಗ್ಗಿಸಿ ಹೆಸರಾದವರಲ್ಲಿ ಒಬ್ಬರು ಡೆಟ್ರಾಯಿಟಿನಲ್ಲಿ ಕೆಲಸ ಮಾಡಿದ ಡಾ. ಮಣಿ ಮೆನನ್, ಪಾಂಡಿಚೇರಿಯ ಜಿಪ್‌ಮರ್‌ನಲ್ಲಿ ಓದಿದವರು ಎಂದು ಹೇಳಿದ ಮೇಲೆ ನೆಂಟರಿಗೆ ಸಮಾಧಾನವಾಯಿತು. ಮೂರು ತಿಂಗಳ ನಂತರ ಪಿಎಸ್‌ಎ ಅಳೆಯಲಾಗದಷ್ಟು ಕೆಳಗಿಳಿದಿತ್ತು. ಪ್ರಾಣದ ವಿಷಯ ಅಲ್ಲಿಗೆ ಮುಗಿಯಿತು. ಮಾನದ ವಿಷಯ ಮಾತ್ರ ಅದಕ್ಕಿಂತ ಬಹಳ ಮೊದಲೇ ಶುರುವಾಗಿತ್ತು.

ಆಪರೇಷನ್‌ಗೆ ಮುಂಚೆ ಸರ್ಜನ್ ಹೇಳಿದ್ದರು: "ಕೆಲವು ತಿಂಗಳು ಸ್ವಲ್ಪ ಸೋರಬಹುದು. ಬಹುಪಾಲು ಜನರಿಗೆ ಸರಿಹೋಗುತ್ತದೆ." ನಾವು ತಲೆಯಾಡಿಸಿದೆವು. 1985ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿ, ಈ ದೇಶಕ್ಕೆ ಬಂದು ರೆಸಿಡೆನ್ಸಿ ಮುಗಿಸಿ, ಇಪ್ಪತ್ತೈದು ವರ್ಷಕ್ಕೂ ಮೀರಿ ಇಂಟರ್ನಲ್ ಮೆಡಿಸಿನ್ ಮಾಡುತ್ತಿರುವ ನಾವು, ಇದೇ ವಾಕ್ಯವನ್ನು ಎಷ್ಟು ಜನರಿಗೆ ಹೇಳಿಲ್ಲ! "ಸ್ವಲ್ಪ" ಎಂದರೆ ಎಷ್ಟು, "ಕೆಲವು" ಎಂದರೆ ಎಷ್ಟು ಎಂದು ಅವರು ಕೇಳಲಿಲ್ಲ. ನಾವೂ ಕೇಳಲಿಲ್ಲ.

ಮೊದಲ ಒಂಬತ್ತು ದಿನ ಕ್ಯಾಥೆಟರ್. ಕೆಳಗೊಂದು ರಬ್ಬರ್ ನಳಿಕೆ, ಅದರ ತುದಿಗೊಂದು ಚೀಲ. ಹಗಲಿಗೆ ತೊಡೆಗೆ ಕಟ್ಟುವ ಸಣ್ಣ ಚೀಲ, ರಾತ್ರಿಗೆ ಮಂಚಕ್ಕೆ ನೇತುಹಾಕುವ ದೊಡ್ಡ ಚೀಲ. ಮೂವತ್ತು ವರ್ಷ ಸೂಟ್‌ಕೇಸಿನ ತಳದಲ್ಲಿ ಕೂತಿದ್ದ ಪಂಚೆಗಳಿಗೆ ಕೊನೆಗೂ ಒಂದು ಕಾಲ ಬಂತು. ನೋಡಲು ಬರುವವರು ಬಿಸಿಬೇಳೆ ಬಾತು, ಕೋಡುಬಳೆ ತಂದಿಟ್ಟು ಹೋಗುತ್ತಿದ್ದರು. ಅವರ ಎದುರಿಗೆ ದೊಡ್ಡ ಚೀಲ ಕಾಣಬಾರದೆಂದು ನಮ್ಮಾಕೆ ಅದನ್ನು ಊರಿನ ಸೀರೆ ಅಂಗಡಿಯ ಬಟ್ಟೆ ಚೀಲದೊಳಗೆ ಇಳಿಬಿಟ್ಟಿದ್ದಳು. ಒಬ್ಬರು ಅದನ್ನು ನೋಡಿ "ಓಹೋ, ಶಾಪಿಂಗ್ ಜೋರು" ಎಂದದ್ದೂ ಉಂಟು. ಕಿರಿಕಿರಿ ಇತ್ತು ನಿಜ, ಆದರೆ ಒದ್ದೆ ಇರಲಿಲ್ಲ. ಕ್ಯಾಥೆಟರ್ ಎಷ್ಟು ದೊಡ್ಡ ಉಪಕಾರಿ ಎಂಬುದು ಅದನ್ನು ತೆಗೆದ ದಿನ ಗೊತ್ತಾಯಿತು.

ಆ ದಿನ ನರ್ಸಮ್ಮ ನಳಿಕೆ ಎಳೆದು, "ನಿಧಾನವಾಗಿ ಎದ್ದು ನಿಲ್ಲಿ" ಎಂದರು. ಎದ್ದು ನಿಂತೆವು. ನಲ್ಲಿ ತಿರುಗಿಸಿದ ಹಾಗೆ ಹೋಯಿತು. ಬೇಕೆಂಬ ಸೂಚನೆಯಿಲ್ಲ, ಅವಸರವಿಲ್ಲ, ನಿಲ್ಲಿಸುವ ದಾರಿಯಿಲ್ಲ. ಕಾಲ್ಚೀಲ ನೆನೆಯಿತು, ನೆಲ ನೆನೆಯಿತು. ನರ್ಸಮ್ಮ "ಇದು ಎಲ್ಲರಿಗೂ ಆಗೋದೇ" ಎಂದು ಟವಲು ಹಾಸಿದರು. ಅವರಿಗೆ ನಮ್ಮ ಮಗಳ ವಯಸ್ಸು. ನಾವು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಬಹಳ ಆಸಕ್ತಿಯಿಂದ ಓದಿದೆವು.

ಏಕೆ ಹೀಗಾಗುತ್ತದೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕನ್ನಂಬಾಡಿ ಕಟ್ಟೆಯನ್ನು ನೆನೆಸಿಕೊಳ್ಳಿ. ನೀರು ನಿಂತಿರುವುದು ಮೂತ್ರಕೋಶದಲ್ಲಿ. ಅದರ ಬಾಯಲ್ಲೇ ಒಂದು ಗೇಟು. ಅದು ನಮ್ಮ ಅಪ್ಪಣೆ ಕೇಳುವುದಿಲ್ಲ, ಹಗಲೂ ರಾತ್ರಿ ತಾನಾಗಿ ಮುಚ್ಚಿಕೊಂಡಿರುತ್ತದೆ. ಅದರ ಕೆಳಗೆ ಹಣ್ಣಡಿಕೆಯ ಗಾತ್ರದ ಪ್ರಾಸ್ಟೇಟ್. ಮೂತ್ರನಾಳ ಅದರ ನಡುವೆಯೇ ತೂರಿ ಬರುತ್ತದೆ. ಅದಕ್ಕೂ ಕೆಳಗೆ ಎರಡನೆಯ ಗೇಟು, ಬೇಕೆಂದಾಗ ನಾವೇ ಬಿಗಿಹಿಡಿಯಬಹುದಾದ ಸ್ನಾಯು. ಸರ್ಜನ್ ಗ್ರಂಥಿಯನ್ನು ತೆಗೆಯುವಾಗ ಮೇಲಿನ ಗೇಟಿನ ಕೆಲಸವೂ ಬಹುಮಟ್ಟಿಗೆ ಹೋಗುತ್ತದೆ. ಮೂತ್ರಕೋಶವನ್ನು ಕೆಳಗೆ ಎಳೆದು ಉಳಿದ ನಾಳಕ್ಕೆ ಹೊಲಿಯುತ್ತಾರೆ. ಇನ್ನು ಮೇಲೆ ಇರುವುದೊಂದೇ ಗೇಟು. ಅದುವರೆಗೆ ಕೆಮ್ಮಿದಾಗ, ಬಸ್ಸಿಗೆ ಓಡುವಾಗ ಮಾತ್ರ ನೆರವಿಗೆ ಬರುತ್ತಿದ್ದ ಆಳು, ಈಗ ಇಪ್ಪತ್ತನಾಲ್ಕು ಗಂಟೆ ಒಬ್ಬನೇ ಕಾಯಬೇಕು. ಅದೂ ಆಪರೇಷನ್ನಿನ ಪೆಟ್ಟು ತಿಂದು. ಆದ್ದರಿಂದಲೇ ಮಲಗಿದ್ದರೆ ಒಣಗಿರುತ್ತೇವೆ, ನಿಂತರೆ ಸೋರುತ್ತದೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆಯ ಹೊತ್ತಿಗೆ ಆಳು ದಣಿದು ಕೈಬಿಡುತ್ತಾನೆ. ಇದೆಲ್ಲ ನಮಗೆ ಪುಸ್ತಕದಿಂದ ಗೊತ್ತಿತ್ತು. ಸಂಜೆ ಐದು ಗಂಟೆಗೆ ಅಡುಗೆಮನೆಯಲ್ಲಿ ನಿಂತು ಲೋಟ ತೊಳೆಯುವಾಗ ತೊಡೆಯ ಮೇಲೆ ಬಿಸಿಯಾಗಿ ಇಳಿಯುವುದು ಪುಸ್ತಕದಲ್ಲಿರಲಿಲ್ಲ.

ಮೊದಲ ವಾರಗಳಲ್ಲಿ ದಿನಕ್ಕೆ ಆರೇಳು ಪ್ಯಾಡು ಬೇಕಾಯಿತು. ಇಂಡಿಯನ್ ಅಂಗಡಿಯ ಹತ್ತಿರದ ಫಾರ್ಮಸಿಯಲ್ಲಿ ಕೊಂಡರೆ ಯಾರಾದರೂ ನೋಡಿಯಾರೆಂದು ಇಪ್ಪತ್ತು ಮೈಲಿ ದೂರದ ಅಂಗಡಿಗೆ ಹೋದೆವು. ಡಿಪೆಂಡ್ಸ್‌ನ ಎರಡು ದೊಡ್ಡ ಕಟ್ಟು ಗಾಡಿಯಲ್ಲಿಟ್ಟು ತಿರುಗಿದರೆ, ಎದುರಿಗೇ ಕೂಟದ ಒಂದು ದಂಪತಿ! "ಅತ್ತೆಯವರಿಗೆ" ಎಂದು ನಮ್ಮ ಬಾಯಿಂದ ತಾನಾಗಿ ಬಂತು. ಎರಡೇ ದಿನದಲ್ಲಿ ಸುದ್ದಿ ಎಲ್ಲ ಮನೆಗಳಿಗೂ ಮುಟ್ಟಿತು. ಅತ್ತೆಯವರು ಊರಿನಿಂದ ಬಂದಿದ್ದಾರಂತೆ, ಹಾಸಿಗೆ ಹಿಡಿದಿದ್ದಾರಂತೆ, ಪಾಪ. ಮೂರು ಮನೆಯವರು ಅವರನ್ನು ನೋಡಲು ಬರುತ್ತೇವೆಂದು ಫೋನು ಮಾಡಿದರು. ಒಬ್ಬರು ಪಥ್ಯದ ಅಡುಗೆಯನ್ನೇ ಮಾಡಿ ತಂದರು. ಅತ್ತೆಯವರಾದರೋ ಶಿವಮೊಗ್ಗದಲ್ಲಿ ಬೆಳಿಗ್ಗೆ ಎರಡು ಮೈಲಿ ವಾಕಿಂಗ್ ಮುಗಿಸಿ ಹಾಯಾಗಿದ್ದರು. ಆ ತಾಯಿಯ ಕ್ಷಮೆ ಕೇಳುವುದಕ್ಕಾದರೂ ಇದನ್ನು ಬರೆಯಬೇಕಿತ್ತು.

ನಮ್ಮಾಕೆಗೆ ಸಿಟ್ಟು ಬಂತು. "ನಿಮ್ಮ ಮಾನ ಉಳಿಸೋಕೆ ನಮ್ಮಮ್ಮನ ಮಾನ ತೆಗೆದ್ರಾ?" ಎಂದು ಅಂದೇ ರಾತ್ರಿ ವಾಟ್ಸಾಪ್‌ನಲ್ಲಿ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ನಾವು ಪರದೆಯ ಮೂಲೆಯಲ್ಲಿ ತಲೆತಗ್ಗಿಸಿ ಕೂತಿದ್ದೆವು. ಅತ್ತೆಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದರು: "ಅಳಿಯಂದ್ರೇ, ಇದಕ್ಕೆ ಇಷ್ಟೊಂದು ಸಂಕೋಚವಾ? ನಾಲ್ಕು ಹೆತ್ತ ಮೇಲೆ ನನಗೆ ಕೆಮ್ಮಿದ್ರೆ ಸೀರೆ ನೆನೀತಿತ್ತು. ಯಾರಿಗೆ ಹೇಳೋದು? ಮದುವೆಮನೇಲಿ ಹೋಗಿ ಹೋಗಿ ಬಚ್ಚಲ ಹತ್ತಿರಾನೇ ಕೂರ್ತಿದ್ವಿ, ನಾವು ಓರಗಿತ್ತೀರೆಲ್ಲ. ಇವಳನ್ನೇ ಕೇಳಿ ಬೇಕಾದ್ರೆ."

ಇವಳನ್ನೇ ಕೇಳಿ ಎಂದದ್ದು ನಮ್ಮಾಕೆಯನ್ನು ತೋರಿಸಿ. ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗ ಹುಟ್ಟಿದಾಗಿನಿಂದ" ಎಂದಳು. ಮಗ ಹುಟ್ಟಿದ್ದು 2000ದಲ್ಲಿ. ಜೋರಾಗಿ ನಕ್ಕರೆ, ಸೀನಿದರೆ, ಕಾರಿನಿಂದ ಅಕ್ಕಿ ಮೂಟೆ ಇಳಿಸಿದರೆ. ಹಾಸ್ಯದ ನಾಟಕಕ್ಕೆ ಬರಲು ಆಕೆ ಏಕೆ ಏನಾದರೊಂದು ನೆಪ ಹೇಳುತ್ತಿದ್ದಳು, ಮಕ್ಕಳ ಜೊತೆ ಹಗ್ಗ ಹಾರಲು ಏಕೆ ಒಪ್ಪಲಿಲ್ಲ, ಪ್ರವಾಸ ಹೊರಟರೆ ಕಪ್ಪು ಬಣ್ಣದ ಪ್ಯಾಂಟೇ ಏಕೆ — ಇಪ್ಪತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು, ಅದೂ ಡಾಕ್ಟರಾಗಿ, ನಮಗೆ ಕೇಳಬೇಕೆನಿಸಲಿಲ್ಲ. "ಹೇಳಬಾರದಿತ್ತಾ?" ಎಂದೆವು. "ನೀವು ಎರಡು ವಾರದ ಹಿಂದೆ ಶುರುವಾದದ್ದನ್ನ ಹೇಳೋಕೆ ಇಪ್ಪತ್ತು ಮೈಲಿ ದೂರದ ಅಂಗಡಿಗೆ ಹೋದವರು" ಎಂದಳು. ಉತ್ತರವಿರಲಿಲ್ಲ.

ಹೀಗೆ "ನಾವು" ಎಂಬುದು ನಿಜವಾಯಿತು. ಫಿಸಿಯೋಥೆರಪಿಗೆ ಇಬ್ಬರೂ ಹೆಸರು ಕೊಟ್ಟೆವು.

ಕಟಿತಳದ ಸ್ನಾಯುಗಳಿಗೆಂದೇ ಫಿಸಿಯೋಥೆರಪಿ ಮಾಡುವವರಿದ್ದಾರೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಈ ವ್ಯಾಯಾಮಕ್ಕೆ ಹೆಸರು ಬಂದದ್ದು ಅಮೆರಿಕದ ಸ್ತ್ರೀರೋಗ ತಜ್ಞ ಡಾ. ಆರ್ನಾಲ್ಡ್ ಕೀಗಲ್ ಅವರಿಂದ. 1948ರಲ್ಲಿ ಅವರು ಬರೆದದ್ದು ಹೆರಿಗೆಯಾದ ಹೆಂಗಸರಿಗಾಗಿ. ಗಂಡಸರು ಅದನ್ನು ಎರವಲು ಪಡೆದವರು. ನಮ್ಮ ಹಠಯೋಗದಲ್ಲಿ ಮೂಲಬಂಧ ಎನ್ನುವುದೂ ಹೆಚ್ಚುಕಡಿಮೆ ಈ ಸ್ನಾಯುಗಳನ್ನೇ ಎಳೆದು ಹಿಡಿಯುವುದು. (ಇದನ್ನೋದಿ "ಎಲ್ಲವೂ ನಮ್ಮ ಪೂರ್ವಿಕರಿಗೆ ಗೊತ್ತಿತ್ತು" ಎಂದು ಯಾರೂ ವಾಟ್ಸಾಪ್ ಮಾಡಬೇಡಿ. ಗೊತ್ತಿದ್ದ ನಮ್ಮ ಅತ್ತೆಯವರಿಗೆ ಯಾರೂ ಹೇಳಿಕೊಡಲಿಲ್ಲ.)

ನಮಗೆ ಸಿಕ್ಕ ಥೆರಪಿಸ್ಟ್ ಗಟ್ಟಿಗಿತ್ತಿ. "ನಾನೂ ಡಾಕ್ಟರು, ಕೀಗಲ್ ಗೊತ್ತು" ಎಂದೆವು. "ಮಾಡಿ ತೋರಿಸಿ" ಎಂದರು. ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದು, ಕುಂಡೆ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ತೋರಿಸಿದೆವು. ಅವರು ಸಮಾಧಾನದಿಂದ, ನೀವು ಮಾಡಿದ್ದರಲ್ಲಿ ಬೇಕಾದ ಸ್ನಾಯು ಒಂದನ್ನು ಬಿಟ್ಟು ಮಿಕ್ಕೆಲ್ಲವೂ ಕೆಲಸ ಮಾಡಿತು ಎಂದರು. ಸರಿಯಾದ ಕ್ರಮ ಹೀಗೆ. ಸಭೆಯಲ್ಲಿ ಕೂತಾಗ ಹೂಸು ತಡೆಯುತ್ತೇವಲ್ಲ, ಆ ಎಳೆತ. ಅದು ಹಿಂದಿನಿಂದ ಮುಂದಕ್ಕೂ ಬರಬೇಕು; ಹೊಟ್ಟೆ, ತೊಡೆ, ಕುಂಡೆ ಸಡಿಲವಿರಬೇಕು; ಉಸಿರಾಟ ನಡೆಯುತ್ತಲೇ ಇರಬೇಕು. ಎಳೆದು ಹಿಡಿದು ಐದು ಎಣಿಸಿ, ಪೂರ್ತಿ ಬಿಟ್ಟು ಅಷ್ಟೇ ಹೊತ್ತು ವಿಶ್ರಾಂತಿ. ಹಿಡಿದಷ್ಟೇ ಬಿಡುವುದೂ ಮುಖ್ಯ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮೊದಲು ಮಲಗಿ, ಆಮೇಲೆ ಕೂತು, ಆಮೇಲೆ ನಿಂತು. ವಾರಗಳು ಕಳೆದಂತೆ ಎಣಿಕೆ ಹತ್ತಕ್ಕೆ ಏರಿತು. ಜೊತೆಗೆ ಚಕಚಕನೆ ಹಿಡಿದು ಬಿಡುವ ಹತ್ತು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದು ಮಾತು: ಕುರ್ಚಿಯಿಂದ ಏಳುವ ಮೊದಲು, ಕೆಮ್ಮುವ ಮೊದಲು, ಭಾರ ಎತ್ತುವ ಮೊದಲು ಗೇಟು ಮುಚ್ಚಿ. ಆದ ಮೇಲೆ ಮುಚ್ಚಿ ಪ್ರಯೋಜನವಿಲ್ಲ.

ನಮ್ಮ ಬೇರೆ ತಪ್ಪುಗಳನ್ನೂ ಅವರು ಹಿಡಿದರು. ಸೋರುತ್ತದೆಂದು ನಾವು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೆವು. ಮೂತ್ರ ಗಾಢವಾದಷ್ಟೂ ಮೂತ್ರಕೋಶಕ್ಕೆ ಉರಿ, ಅವಸರ ಹೆಚ್ಚು. ಎಲ್ಲಿಗೇ ಹೊರಟರೂ "ಯಾವುದಕ್ಕೂ ಇರಲಿ" ಎಂದು ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಹೋಗುತ್ತಿದ್ದೆವು. ಹೀಗೆ ಮಾಡಿದರೆ ಮೂತ್ರಕೋಶ ತುಂಬಿಸಿಕೊಳ್ಳುವ ಅಭ್ಯಾಸವನ್ನೇ ಬಿಡುತ್ತದೆ. ಧಾರೆಯನ್ನು ನಡುವೆ ತಡೆದು ತಡೆದು ಅಭ್ಯಾಸ ಮಾಡುವುದೂ ಕೂಡದು. ಕೊನೆಗೆ ಕಾಫಿ. "ದಿನಕ್ಕೆಷ್ಟು?" ಎಂದರು. ಫಿಲ್ಟರ್ ಕಾಫಿಯನ್ನು ಲೋಟದಲ್ಲಿ ಲೆಕ್ಕ ಹಾಕಬೇಕೋ ಡಿಕಾಕ್ಷನ್ನಿನಲ್ಲಿ ಹಾಕಬೇಕೋ ಎಂದು ನಾವು ತಡವರಿಸುವುದರೊಳಗೆ ನಮ್ಮಾಕೆ "ಐದು" ಎಂದಳು. ಒಂದಕ್ಕೆ ಇಳಿಸಬೇಕಾಯಿತು. ಕ್ಯಾನ್ಸರ್ ಎಂದಾಗ ಅಳದವರು ಆ ದಿನ ಅಳುವಂತಾದೆವು.

ಎಷ್ಟು ಸುಧಾರಿಸಿದೆ ಎಂದು ತಿಳಿಯಲು ಪ್ಯಾಡನ್ನು ತೂಗುವ ಕ್ರಮವಿದೆ. ಒಣಗಿದ್ದರ ತೂಕ ಕಳೆದರೆ ಉಳಿದದ್ದು ಸೋರಿದ್ದು. ಒಂದು ಗ್ರಾಮಿಗೆ ಒಂದು ಮಿಲಿಲೀಟರ್ ಎಂದು ಲೆಕ್ಕ. ನಾವು ಅಡುಗೆಮನೆಯ ತಕ್ಕಡಿಗೆ ಕೈಹಾಕಿದಾಗ ಮನೆಯಲ್ಲಿ ಆದ ಗಲಾಟೆಯನ್ನು ಬರೆಯುವುದಿಲ್ಲ. ಬೇರೆ ತಕ್ಕಡಿ ಬಂತು. ಮೂರನೆಯ ವಾರ ದಿನಕ್ಕೆ 420 ಗ್ರಾಂ. ಆರನೆಯ ವಾರ 260. ಏಳನೆಯ ವಾರ 265. ಎಂಟನೆಯ ವಾರ 270.

ಅಲ್ಲಿ ನಮ್ಮ ಧೈರ್ಯ ಕುಸಿಯಿತು. ಕೆಲಸಕ್ಕೆ ಮರಳಿಯಾಗಿತ್ತು. ದಿನವೆಲ್ಲ ಏಳುವುದು, ಕೂರುವುದು, ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುವುದು. ಬಿಳಿ ಕೋಟು ಮೊದಲ ಸಲ ಒಳ್ಳೆಯ ಉಪಯೋಗಕ್ಕೆ ಬಂತು, ಉದ್ದವಿದ್ದದ್ದರಿಂದ. ರೋಗಿಯೊಬ್ಬರು ತಮ್ಮ ಎದೆನೋವನ್ನು ವರ್ಣಿಸುತ್ತಿರುವಾಗ ನಮ್ಮ ಮನಸ್ಸು, ವಾಸನೆ ಬರುತ್ತಿದೆಯೇ ಎಂಬಲ್ಲಿತ್ತು. ಅದನ್ನು ಹೇಳಿಕೊಳ್ಳಲು ಇಂದಿಗೂ ಕಷ್ಟವಾಗುತ್ತದೆ. ಮಗಳು ಫೋನಿನಲ್ಲಿ "ಅಪ್ಪ, ಹೇಗಿದೀಯ?" ಎಂದರೆ "ಫೈನ್". ನವೆಂಬರಿನ ರಾಜ್ಯೋತ್ಸವಕ್ಕೆ ಟಿಕೆಟ್ ತೆಗೆದಿಟ್ಟು ಹೋಗಲಿಲ್ಲ. ಮೂರು ಗಂಟೆಯ ಕಾರ್ಯಕ್ರಮ, ಸಾಲಿನ ನಡುವಿನ ಕುರ್ಚಿ, ತಿಳಿಬಣ್ಣದ ಪಂಚೆ. ಚಳಿ, ಸ್ವಲ್ಪ ಕೆಮ್ಮು ಎಂದು ಕಾರ್ಯದರ್ಶಿಗಳಿಗೆ ಹೇಳಿ ಕಳಿಸಿದೆವು.

ಮರುವಾರ ಒಂದು ಫೋನು ಬಂತು. ನಮ್ಮ ಕೂಟದ ನಾಟಕಗಳಿಗೆ ಹದಿನೈದು ವರ್ಷ ತಬಲಾ ನುಡಿಸಿದ ಹಿರಿಯರು. ಅವರನ್ನು ಕಾರ್ಯಕ್ರಮಗಳಲ್ಲಿ ಕಂಡು ಆರು ವರ್ಷವಾಗಿತ್ತು. ಚಳಿ, ಮೊಮ್ಮಕ್ಕಳು, ರಾತ್ರಿ ಡ್ರೈವಿಂಗ್ ಆಗುವುದಿಲ್ಲ ಎಂದು ಏನೇನೋ ಹೇಳುತ್ತಿದ್ದರು. (ಇದನ್ನು ಬರೆಯಲು ಅವರೇ ಅನುಮತಿ ಕೊಟ್ಟಿದ್ದಾರೆ; ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ, ಆಗಲಿ ಎಂದಿದ್ದಾರೆ.)

"ಏನು ಡಾಕ್ಟ್ರೇ, ಚಳೀನಂತೆ?"

"ಹೌದು ಸಾರ್, ಸ್ವಲ್ಪ ಕೆಮ್ಮು."

"ಆ ಚಳಿ ನೆಪ ಕಂಡುಹಿಡಿದವನು ನಾನು. ನಿಮಗೂ ಪ್ರಾಸ್ಟೇಟಾ?"

ಅವರಿಗೆ 2018ರಲ್ಲಿ ಬೇರೆ ಊರಿನಲ್ಲಿ ಇದೇ ಆಪರೇಷನ್ ಆಗಿತ್ತು. ಆರು ವರ್ಷದಿಂದ ದಿನಕ್ಕೆ ನಾಲ್ಕೈದು ಪ್ಯಾಡು. ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಎರಡು ಗಂಟೆ ಕೂರುವ ಮಾತೇ ಇರಲಿಲ್ಲ. "ಯಾರಿಗಾದರೂ ತೋರಿಸಿದ್ರಾ?" ಎಂದೆವು. "ಕೇಳಿದ್ದೆ. ವಯಸ್ಸಿಗೆ ಅಷ್ಟು ಸಹಜ, ಪ್ಯಾಡ್ ಹಾಕ್ಕೊಳ್ಳಿ ಅಂದ್ರು." ನಮಗೆ ವೈದ್ಯನ ಸಿಟ್ಟು ಬಂತು. "ಯಾವ ಡಾಕ್ಟರು ಸಾರ್ ಹಾಗಂದದ್ದು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀವೇ ಡಾಕ್ಟ್ರೇ. 2019ರ ಪಿಕ್ನಿಕ್‌ನಲ್ಲಿ. ಮುಸುಕಿನ ಜೋಳ ಸುಡ್ತಾ ಇದ್ರಿ. ನನ್ನ ಸ್ನೇಹಿತನೊಬ್ಬನಿಗೆ ಅಂತ ಕೇಳಿದ್ದೆ."

ಜೋಳ ಸುಟ್ಟದ್ದು ನೆನಪಿತ್ತು. ಇದು ನೆನಪಿರಲಿಲ್ಲ.

ಅವರು ಒಂದು ಮಾತೂ ದೂರಲಿಲ್ಲ. ನಾವು ಮರುದಿನವೇ ಅವರ ಮನೆಗೆ ಹೋದೆವು, ಕಾರಿನ ಸೀಟಿಗೆ ಟವಲು ಹಾಸಿಕೊಂಡು. ಅವರ ಸೋಫಾದ ಮೇಲೂ ಟವಲಿತ್ತು. ಇಬ್ಬರೂ ಟವಲಿನ ಮೇಲೆ ಕೂತು ಎರಡು ಗಂಟೆ ಮಾತಾಡಿದೆವು. ಯಾವ ಪ್ಯಾಡು ಗರಿಗರಿ ಸದ್ದು ಮಾಡುವುದಿಲ್ಲ, ಊರಿಗೆ ಹೋಗುವಾಗ ವಿಮಾನದಲ್ಲಿ ಎಷ್ಟು ಇಟ್ಟುಕೊಳ್ಳಬೇಕು, ಯಾವ ಸೂಪರ್ ಮಾರ್ಕೆಟ್ಟಿನಲ್ಲಿ ಬಚ್ಚಲು ಬಾಗಿಲ ಬಳಿಯೇ ಇದೆ — ಇವು ಮೆಡಿಕಲ್ ಕಾಲೇಜಿನಲ್ಲಿ ಹೇಳಿಕೊಡುವಂಥವಲ್ಲ. ಆ ಎರಡು ಗಂಟೆಯಲ್ಲಿ ನಮಗಾದ ಹಗುರ ಯಾವ ಮಾತ್ರೆಯಿಂದಲೂ ಆಗಿರಲಿಲ್ಲ.

ಅಂದು ಪಿಕ್ನಿಕ್‌ನಲ್ಲಿ ಹೇಳಬೇಕಾಗಿದ್ದದ್ದನ್ನು ಈಗ ಹೇಳುತ್ತೇವೆ. ಆಪರೇಷನ್ ಆದ ಬಹುಪಾಲು ಗಂಡಸರಿಗೆ ಮೂರು ತಿಂಗಳಿಂದ ಒಂದು ವರ್ಷದೊಳಗೆ ಹಿಡಿತ ಮರಳಿ ಬರುತ್ತದೆ. ನಡುವೆ ಕೆಲವು ವಾರ ನಿಂತಲ್ಲೇ ನಿಲ್ಲುವುದೂ ಉಂಟು. ಆದರೆ ಆರು ತಿಂಗಳಾದರೂ ಹೆಚ್ಚಾಗಿಯೇ ಸೋರುತ್ತಿದ್ದರೆ, ವರ್ಷವಾದರೂ ನಿಲ್ಲದಿದ್ದರೆ, "ಇಷ್ಟೇ" ಎಂದುಕೊಳ್ಳಬೇಕಾಗಿಲ್ಲ. ಕಡಿಮೆ ಸೋರುವವರಿಗೆ ನಾಳವನ್ನು ಕೆಳಗಿನಿಂದ ಎತ್ತಿಹಿಡಿಯುವ ಜಾಲರಿ ಪಟ್ಟಿಯಿದೆ. ಹೆಚ್ಚು ಸೋರುವವರಿಗೆ ಕೃತಕ ಗೇಟೇ ಇದೆ, 1970ರ ದಶಕದಿಂದಲೂ. ಮೂತ್ರನಾಳದ ಸುತ್ತ ನೀರು ತುಂಬಿದ ಒಂದು ಪಟ್ಟಿ, ವೃಷಣಚೀಲದಲ್ಲಿ ಒಂದು ಪುಟ್ಟ ಪಂಪು. ಒತ್ತಿದರೆ ಪಟ್ಟಿಯ ನೀರು ಹಿಂದೆ ಸರಿದು ದಾರಿ ತೆರೆಯುತ್ತದೆ, ಕೆಲವು ನಿಮಿಷದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಬ್ಯಾಟರಿ ಇಲ್ಲ. ಸೋಂಕಿನ ಅಪಾಯ ಸ್ವಲ್ಪ ಇದ್ದೇ ಇದೆ, ವರ್ಷಗಳ ಮೇಲೆ ಬದಲಿಸಬೇಕಾಗಲೂಬಹುದು. ಆದರೂ ಎಪ್ಪತ್ತು ದಾಟಿದರೆಂದು ಯಾರನ್ನೂ ಇದರಿಂದ ಹೊರಗಿಡುವುದಿಲ್ಲ. ಹೆರಿಗೆಯ ನಂತರ ಸೋರುವ ಹೆಂಗಸರಿಗೂ ವ್ಯಾಯಾಮವಿದೆ, ಅದಕ್ಕೆ ಮೀರಿದರೆ ಬೇರೆ ಚಿಕಿತ್ಸೆಗಳಿವೆ. ಈಗ ನಮ್ಮ ಕ್ಲಿನಿಕ್ಕಿನಲ್ಲಿ ನಲವತ್ತು ದಾಟಿದ ಪ್ರತಿಯೊಬ್ಬ ಹೆಂಗಸನ್ನೂ ಇದನ್ನು ಕೇಳುತ್ತೇವೆ. ಹೌದೆನ್ನುವವರ ಸಂಖ್ಯೆ ನೋಡಿ, ಕೇಳದೆ ಕಳೆದ ವರ್ಷಗಳ ಬಗ್ಗೆ ನಾಚಿಕೆಯಾಗುತ್ತದೆ.

ಹಿರಿಯರು ಜನವರಿಯಲ್ಲಿ ಕೃತಕ ಗೇಟು ಹಾಕಿಸಿಕೊಂಡರು. ಗಾಯ ಮಾಯಲೆಂದು ಆರು ವಾರ ಅದನ್ನು ತೆರೆದೇ ಇಟ್ಟಿರುತ್ತಾರೆ, ಆಮೇಲೆ ಚಾಲೂ ಮಾಡುತ್ತಾರೆ. ಚಾಲೂ ಮಾಡಿದ ಸಂಜೆ ಫೋನು ಮಾಡಿ, "ಡಾಕ್ಟ್ರೇ, ಇವತ್ತಿಂದ ಅಂಗಡಿ ಬಾಗಿಲು ತೆಗೆಯೋದು ನನ್ನ ಕೈಲೇ" ಎಂದರು.

ನಮ್ಮ ತಕ್ಕಡಿಯೂ ಡಿಸೆಂಬರಿನಲ್ಲಿ ಮತ್ತೆ ಇಳಿಯತೊಡಗಿತು. 180, 90. ಯಾವ ಕಾರಣಕ್ಕೆಂದು ಹೇಳಲಾರೆವು. ಸ್ನಾಯುವಿಗೆ ಅದರದೇ ಕಾಲವಿದೆ. ಬೆಳಿಗ್ಗೆ ಕಾಫಿ ಬದಲು ಬಿಸಿನೀರು ಹಿಡಿದು, ಕಿಟಕಿಯ ಹೊರಗೆ ಹಿಮ ನೋಡುತ್ತಾ, ಇಬ್ಬರೂ ಎದುರುಬದುರು ಕೂತು "ಎಳೀರಿ... ಬಿಡಿ" ಎಂದು ಎಣಿಸುತ್ತಿದ್ದೆವು. ಎಣಿಸುವುದು ಆಕೆ, ನಾವು ಎಣಿಸಿದರೆ ಏಳರಿಂದ ಹತ್ತಕ್ಕೆ ಹಾರುತ್ತೇವೆಂಬ ಆರೋಪವಿದೆ. ಜನವರಿಯಲ್ಲೊಂದು ದಿನ ಗ್ಯಾರೇಜಿನಲ್ಲಿ ಮೂರು ಸೀನು ಒಟ್ಟಿಗೆ ಬಂತು. ಸೀನಿ ಮುಗಿದ ಮೇಲೆ ಹಿಮ ತಳ್ಳುವ ಸಲಿಕೆ ಹಿಡಿದು ಹಾಗೇ ನಿಂತು ಪರೀಕ್ಷಿಸಿಕೊಂಡೆವು. ಒಣಗಿತ್ತು. ಒಳಗೋಡಿ ಹೇಳಿದರೆ ಆಕೆ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿದಳು. ಫೆಬ್ರವರಿಯಲ್ಲಿ ತಕ್ಕಡಿ 15 ತೋರಿಸಿದಾಗ ಅದನ್ನು ಗ್ಯಾರೇಜಿಗೆ ಸಾಗಿಸಿದೆವು. ಈಗಲೂ ದೂರದ ಪ್ರಯಾಣಕ್ಕೆ, ಸಂಜೆಯ ಮದುವೆಗೆ ತೆಳ್ಳನೆಯದೊಂದನ್ನು ಇಟ್ಟುಕೊಳ್ಳುತ್ತೇವೆ, ಧೈರ್ಯಕ್ಕೆ.

2025ರ ಏಪ್ರಿಲಿನಲ್ಲಿ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಬಂದವರಿಗೆ, ಆರೂವರೆ ವರ್ಷದ ಮೇಲೆ ತಬಲಾ ಕೇಳಿಸಿದ್ದು ನೆನಪಿರಬೇಕು. ಹಿರಿಯರು ಇಂಟರ್ವಲ್‌ವರೆಗೆ ಕದಲಲಿಲ್ಲ. ಇಂಟರ್ವಲ್ಲಿನಲ್ಲಿ ಬಚ್ಚಲಿನ ಕಡೆ ನಡೆಯುತ್ತಾ, ನಮ್ಮ ಸಾಲಿನ ಪಕ್ಕ ಬಂದಾಗ ಕಿರುಬೆರಳೆತ್ತಿ ತೋರಿಸಿ ಹೋದರು. ಆಮೇಲೆ ಶುರುವಾದ ಹಾಸ್ಯ ನಾಟಕದಲ್ಲಿ ನಮ್ಮ ಖಜಾಂಚಿಗಳು ಸೀರೆ ಉಟ್ಟು ಜಾರಿಬಿದ್ದರಲ್ಲ, ಆಗ ನಮ್ಮಾಕೆ ಮುಂದಿನ ಕುರ್ಚಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ನಮ್ಮ ಕಿವಿಯ ಹತ್ತಿರ ಬಾಗಿ, "ರೀ, ಹಿಡಿದೆ" ಎಂದಳು.